ಹಾಳು ಮಾಡಿದ್ದು ಅಪ್ಪಯ್ಯನಲ್ಲ

"ನಾನೇ ಎಂತದೋ ಒತ್ತಿ ಹಾಳು ಮಾಡಿದೆ ಕಾಣ್ತದೆ ಮಾರಾಯ."

ಕೆಲವು ವರ್ಷಗಳ ಹಿಂದಿನ ಒಂದು ಆಷಾಢದಲ್ಲಿ, ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಿಂದ ಅಪ್ಪಯ್ಯ ಫೋನಿನಲ್ಲಿ ಹೇಳಿದ ಮಾತಿದು. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಚೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಎದ್ದಿದ್ದೆ. ಐವತ್ತು ವರ್ಷ ಅಡಿಕೆ ತೋಟ ನೋಡಿಕೊಂಡವರು, ಪಂಪ್‌ಸೆಟ್ ಕೆಟ್ಟರೆ ತಾವೇ ಬಿಚ್ಚಿ ಕೂರಿಸುವವರು, ಅವತ್ತು ತಪ್ಪು ಮಾಡಿದ ಶಾಲೆ ಹುಡುಗನ ದನಿಯಲ್ಲಿ ಮಾತಾಡುತ್ತಿದ್ದರು. ಅವರು ಒತ್ತಿದ್ದು ಒಂದೇ ಗುಂಡಿ. ಆಪರೇಟಿಂಗ್ ಸಿಸ್ಟಮ್ ಹೊಸದು ಬಂದಿದೆ, ಹಾಕಿಕೊಳ್ಳಿ ಎಂದು ವಾರಗಟ್ಟಲೆ ಪರದೆಯ ಮೇಲೆ ಬಂದು ಕಾಡುತ್ತಿದ್ದ ಪೆಟ್ಟಿಗೆಯಲ್ಲಿ 'ಆಗಲಿ' ಎಂಬ ಗುಂಡಿ. ಅದನ್ನೂ ನನ್ನನ್ನು ಕೇಳಿಯೇ ಒತ್ತಿದ್ದರು. "ಹೂಂ ಅನ್ನಿ ಅಪ್ಪಯ್ಯ, ಏನೂ ಆಗೂದಿಲ್ಲ" ಅಂದವನು ನಾನು.

ಬೆಳಿಗ್ಗೆ ಎದ್ದು ನೋಡಿದರೆ ಕಂಪ್ಯೂಟರು ಹೊಸ ಬಣ್ಣ ಬಳಿದುಕೊಂಡು ಚೆನ್ನಾಗಿಯೇ ಇತ್ತು. ಇಂಟರ್‌ನೆಟ್ಟು ಮಾತ್ರ ಇರಲಿಲ್ಲ.

ನಮ್ಮ ಮನೆಗೆ ಇಂಟರ್‌ನೆಟ್ಟು ಬರುತ್ತಿದ್ದದ್ದು ಬೆರಳುದ್ದದ ಒಂದು ಯುಎಸ್‌ಬಿ ಮೋಡೆಮ್ಮಿನಿಂದ. ಊರಲ್ಲಿ ಅದಕ್ಕೆ ಡಾಂಗಲ್ ಅನ್ನುತ್ತಾರೆ, ಇಲ್ಲಿ ಜರ್ಮನರು ಸರ್ಫ್‌ಸ್ಟಿಕ್ ಅನ್ನುತ್ತಾರೆ. ಮಳೆಗಾಲ ಬಂತೆಂದರೆ ಲ್ಯಾಂಡ್‌ಲೈನಿನ ತಂತಿ ಮರ ಬಿದ್ದು ಕಡಿಯುತ್ತದೆ. ಹಾಗಾಗಿ ಅಪ್ಪಯ್ಯ ಡಾಂಗಲ್ಲಿಗೆ ಉದ್ದ ವೈರು ಸೇರಿಸಿ, ಸಿಗ್ನಲ್ ಸಿಗುವ ಮಾಳಿಗೆಯ ಕಿಟಕಿಗೆ ಕಟ್ಟಿದ್ದರು. ಸಂಜೆ ಅಡಿಕೆ ಧಾರಣೆ ನೋಡುವುದು, ಕರೆಂಟ್ ಬಿಲ್ ಕಟ್ಟುವುದು, ಭಾನುವಾರ ಮೊಮ್ಮಗಳ ಮುಖ ನೋಡುವುದು ಎಲ್ಲವೂ ಅದರಿಂದಲೇ. ಆ ಅಪ್‌ಗ್ರೇಡು ದಿನಗಟ್ಟಲೆ ಇಳಿದದ್ದೂ ಅದೇ ಡಾಂಗಲ್ಲಿನ ಮೂಲಕ, ಅವರ ತಿಂಗಳ ಡೇಟಾವನ್ನೇ ತಿಂದುಕೊಂಡು. ಹೊತ್ತು ತಂದವನ ಕಾಲನ್ನೇ ಮುರಿದ ಹಾಗಾಯಿತು.

ಮುಂದಿನ ಹನ್ನೊಂದು ದಿನ ನಾವಿಬ್ಬರೂ ಫೋನಿನಲ್ಲಿ ರಿಪೇರಿ ಮಾಡಿದೆವು. ಮೊದಲು ತಿಳಿಯಬೇಕಾದದ್ದು ಡಾಂಗಲ್ಲೇ ಸತ್ತಿದೆಯೋ, ಕಂಪ್ಯೂಟರಿಗೆ ಅದರ ಗುರುತು ತಪ್ಪಿದೆಯೋ ಎಂಬುದು. ಡಾಂಗಲ್ಲನ್ನು ಪಕ್ಕದ ಮನೆಯ ಹುಡುಗನ ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಲು ಹೇಳಿದೆ. ಸಿಕ್ಕಿಸಿದ ಕೂಡಲೇ ನೆಟ್ ಬಂತು. ಡಾಂಗಲ್ ಸರಿ ಇದೆ, ಸಿಮ್ ಸರಿ ಇದೆ, ಸಿಗ್ನಲ್ ಸರಿ ಇದೆ. ಮತ್ತೆ ನಮ್ಮ ಕಂಪ್ಯೂಟರಿಗೇ ಹಾಕಿ, ಒಳಗಿರುವ ಸಾಧನಗಳ ಪಟ್ಟಿ ತೆಗೆಸಿದೆ. ಅಪ್ಪಯ್ಯ ಇಂಗ್ಲಿಷ್ ಸಾಲುಗಳನ್ನು ಒಂದೊಂದೇ ಅಕ್ಷರವಾಗಿ ಓದಿದರು. ಒಂದು ಸಾಲಿನ ಪಕ್ಕ ಹಳದಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಈ ಸಾಧನಕ್ಕೆ ಡ್ರೈವರ್ ಇಲ್ಲ ಎಂದು ಅದರ ಅರ್ಥ. ಡ್ರೈವರ್ ಹುಡುಕು ಎಂದು ಒತ್ತಿದರೆ ಬಂದ ಉತ್ತರ: ಇಂಟರ್‌ನೆಟ್ಟಿಗೆ ಸಂಪರ್ಕಿಸಿ, ಮತ್ತೆ ಪ್ರಯತ್ನಿಸಿ.

ಇಂಟರ್‌ನೆಟ್ಟು ಬರಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬರಬೇಕಾದರೆ ಇಂಟರ್‌ನೆಟ್ಟು ಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ನಮ್ಮ ಗಾದೆಯನ್ನು ಯಾರೋ ಕಂಪ್ಯೂಟರಿನೊಳಗೆ ಬರೆದಿಟ್ಟಿದ್ದರು.

ಕೊನೆಗೆ ನಾನು ಸ್ಟುಟ್‌ಗಾರ್ಟ್‌ನಲ್ಲಿ ಮೂರು ರಾತ್ರಿ ಹುಡುಕಿ, ಕೆಲಸ ಮಾಡಬಹುದಾದ ಒಂದು ಡ್ರೈವರ್ ಇಳಿಸಿ, ಸಾಗರದ ಸೈಬರ್ ಸೆಂಟರಿಗೆ ಮೇಲ್ ಮಾಡಿದೆ. ಅವರು ಪೆನ್‌ಡ್ರೈವಿಗೆ ಹಾಕಿ, ಹಳ್ಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದರು. ಡ್ರೈವರ್ ಬಸ್ಸಿನಲ್ಲಿ ಬಂತು! ಡಾಂಗಲ್ಲಿನ ಜೊತೆ ಬಂದಿದ್ದ ಸಂಪರ್ಕದ ತಂತ್ರಾಂಶವನ್ನು ಪೂರ್ತಿ ತೆಗೆಸಿದೆ, ಹೊಸ ವ್ಯವಸ್ಥೆಯಲ್ಲಿ ಅದು ತೆರೆಯುತ್ತಲೇ ಇರಲಿಲ್ಲ. ಕಂಪ್ಯೂಟರಿನಲ್ಲೇ ಇರುವ ಡಯಲ್-ಅಪ್ ಸೌಲಭ್ಯದಲ್ಲಿ *99# ಎಂಬ ಸಂಖ್ಯೆ ಹಾಕಿಸಿ, ಮೊಬೈಲ್ ಕಂಪನಿಯ ಎಪಿಎನ್ ಹೆಸರು ಬರೆಸಿದೆ. ಹಸಿರು ದೀಪ ನೀಲಿಯಾಯಿತು. "ಬಂತು" ಅಂದರು ಅಪ್ಪಯ್ಯ. ಆಮೇಲೆ, "ಇನ್ನು ನಾನು ಎಂತದೂ ಮುಟ್ಟೂದಿಲ್ಲ" ಅಂದರು.

ನನ್ನ ತಕರಾರು ಈ ಕೊನೆಯ ಮಾತಿನ ಬಗ್ಗೆ. ಡಾಂಗಲ್ ಕೆಟ್ಟಿರಲಿಲ್ಲ. ಬಳಸುವವರು ತಪ್ಪು ಮಾಡಿರಲಿಲ್ಲ. ಎರಡು ದೊಡ್ಡ ಕಂಪನಿಗಳು, ಅಪ್‌ಗ್ರೇಡು ಕಳಿಸಿದ್ದು ಒಂದು, ಡಾಂಗಲ್ ಮಾಡಿದ್ದು ಇನ್ನೊಂದು, ತಮ್ಮ ಕೆಲಸ ಮಾಡಿರಲಿಲ್ಲ. ಆದರೂ ನಾಚಿಕೆಪಟ್ಟವರು ಅಪ್ಪಯ್ಯ. ತಂತ್ರಜ್ಞಾನದ ಜಗತ್ತು ತನ್ನ ತಪ್ಪನ್ನು ಬಳಕೆದಾರನ ತಲೆಗೆ ಎಷ್ಟು ಸಲೀಸಾಗಿ ಕಟ್ಟುತ್ತದೆ ಎಂದರೆ, ಕಟ್ಟಿಸಿಕೊಂಡವನೇ ಕ್ಷಮೆ ಕೇಳುತ್ತಾನೆ.

ಇದು ತಪ್ಪಿಸಲಾಗದ ತೊಂದರೆಯೇ? ಡಾಂಗಲ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದರೆ ಹಾಗನ್ನಿಸುವುದಿಲ್ಲ. ಇಂಥ ಬಹಳಷ್ಟು ಡಾಂಗಲ್ಲುಗಳು ಸಿಕ್ಕಿಸಿದ ಕೂಡಲೇ ತಾವು ಮೋಡೆಮ್ ಎಂದು ಹೇಳುವುದಿಲ್ಲ, ಸಿಡಿ ಎಂದು ಹೇಳುತ್ತವೆ. ಆ ಸುಳ್ಳು ಸಿಡಿಯೊಳಗೆ ಡ್ರೈವರ್ ಇರುತ್ತದೆ. ಅದನ್ನು ಹಾಕಿಕೊಂಡ ಮೇಲೆ ಕಂಪ್ಯೂಟರು ಒಂದು ಸಂದೇಶ ಕಳಿಸುತ್ತದೆ, ಆಗ ಸಾಧನ ವೇಷ ಕಳಚಿ ಮೋಡೆಮ್ ಆಗುತ್ತದೆ. ಬೇರೆ ಸಿಡಿ ಕೊಡುವ ಖರ್ಚಿಲ್ಲದ ಜಾಣ ಉಪಾಯವೇ ಸರಿ. ಆದರೆ ಆ ಡ್ರೈವರ್ ಡಾಂಗಲ್ ತಯಾರಾದ ದಿನದ್ದು, ಆಪರೇಟಿಂಗ್ ಸಿಸ್ಟಮ್ ಮುಂದೆ ಹೋದರೂ ಅದು ಅಲ್ಲೇ ಉಳಿಯುತ್ತದೆ. ವೇಷ ಕಳಚಿದ ಮೇಲೆ ನಡೆಯುವ ಮಾತುಕತೆ ಮಾತ್ರ ಯಾರ ಗುಟ್ಟೂ ಅಲ್ಲ. 1981ರ ಹೇಯ್ಸ್ ಮೋಡೆಮ್ಮಿನಿಂದ ಬಂದ ಎಟಿ ಆಜ್ಞೆಗಳೇ ಇಲ್ಲೂ ನಡೆಯುತ್ತವೆ. ಮೇಲಾಗಿ, ಪ್ರತಿ ಕಂಪನಿಯ ಡ್ರೈವರಿನ ಹಂಗಿಲ್ಲದೆ ಮೊಬೈಲ್ ಮೋಡೆಮ್ ನಡೆಯಲಿ ಎಂದು ಎಂಬಿಐಎಂ ಎಂಬ ಸಮಾನ ಮಾನದಂಡ 2011ರಲ್ಲೇ ಬಂತು.

ಲಿನಕ್ಸ್ ಬಳಸುವವರನ್ನು ಕೇಳಿ ನೋಡಿ. ಅಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಒಂದು ಚಿಕ್ಕ ತಂತ್ರಾಂಶವಿದೆ. ಯಾವ ಡಾಂಗಲ್ಲಿಗೆ ಯಾವ ಸಂದೇಶ ಕಳಿಸಿದರೆ ವೇಷ ಕಳಚುತ್ತದೆ ಎಂಬ ಪಟ್ಟಿ ಅದರ ಜೊತೆಗಿದೆ. ಬಳಕೆದಾರರು ತಮ್ಮ ತಮ್ಮ ಸಾಧನದ ವಿವರ ಕಳಿಸಿ ಬೆಳೆಸಿದ ಪಟ್ಟಿ ಅದು. ತಯಾರಿಸಿದ ಕಂಪನಿಗಳೇ ಕೈಬಿಟ್ಟ ಎಷ್ಟೋ ಡಾಂಗಲ್ಲುಗಳು ಅಲ್ಲಿ ಎದ್ದು ಕೂರುತ್ತವೆ. ಬಿಡುವಿನ ವೇಳೆಯಲ್ಲಿ ಜನ ಮಾಡಿದ ಕೆಲಸವನ್ನು ಕೋಟಿಗಟ್ಟಲೆ ಲಾಭದ ಕಂಪನಿಗಳು ಮಾಡಲಾರವು ಎಂದರೆ ನಾನು ನಂಬುವುದಿಲ್ಲ. ಆಗುವುದಿಲ್ಲ ಎಂದಲ್ಲ, ಮಾಡಿದರೆ ಗಿಟ್ಟುವುದಿಲ್ಲ.

ಇದಕ್ಕೆ ಉತ್ತರಗಳಿವೆ. ನನ್ನ ಸ್ನೇಹಿತರೇ ಕೊಡುತ್ತಾರೆ.

ಮೊದಲನೆಯದು ಸುರಕ್ಷತೆ. ಡ್ರೈವರ್ ಎಂಬುದು ಕಂಪ್ಯೂಟರಿನ ಒಳಮನೆಯಲ್ಲಿ ಓಡುವ ತಂತ್ರಾಂಶ, ಹಳೆಯದರಲ್ಲಿ ತೂತಿದ್ದರೆ ಕಳ್ಳ ನೇರ ಒಳಮನೆಗೇ ಬರುತ್ತಾನೆ. ನಿಜ. ಅಪ್‌ಗ್ರೇಡ್ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಗೆ ಹೊಸ ಬಾಗಿಲು ಕೂರಿಸಲು ಬಂದ ಬಡಗಿ, "ಯಜಮಾನರೇ, ನಿಮ್ಮ ಹಳೇ ಕೀಲಿ ಇದಕ್ಕೆ ಆಗುವುದಿಲ್ಲ" ಎಂದು ಮೊದಲೇ ಹೇಳುತ್ತಾನೆ. ಯಜಮಾನ ಹೊರಗಿದ್ದಾಗ ಬಾಗಿಲು ಜಡಿದು ಹೋಗುವುದಿಲ್ಲ.

ಎರಡನೆಯದು, ಲೋಕದ ಎಲ್ಲ ಹಳೇ ಸಾಧನಗಳನ್ನೂ ಸಾಕಲಾಗದು ಎಂಬುದು. ಇದೂ ನಿಜ. ಜರ್ಮನಿಯಲ್ಲಿ ಎರಡು ದೊಡ್ಡ ಮೊಬೈಲ್ ಜಾಲಗಳು 2021ರ ಜೂನ್ 30ರಂದು 3ಜಿ ನಿಲ್ಲಿಸಿದವು. ನನ್ನ ಹಳೇ ಸರ್ಫ್‌ಸ್ಟಿಕ್ ಅದರೊಂದಿಗೆ ಹೆಚ್ಚುಕಮ್ಮಿ ಕಸವಾಯಿತು. ನನಗೆ ಸಿಟ್ಟು ಬರಲಿಲ್ಲ, ಏಕೆಂದರೆ ದಿನಾಂಕವನ್ನು ಬಹಳ ಮುಂಚೆಯೇ ಹೇಳಿದ್ದರು. 2019ರ ಅಕ್ಟೋಬರಿನಲ್ಲಿ ಬಂದ ಮ್ಯಾಕ್ಓಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಿತು. ಅದಕ್ಕೂ ಹಿಂದಿನ ವರ್ಷದಿಂದಲೇ, ಅಂಥ ತಂತ್ರಾಂಶ ತೆರೆದಾಗ ಎಚ್ಚರಿಕೆ ಬರುತ್ತಿತ್ತು. ಅಂದರೆ ಮುಂಚೆ ಹೇಳುವುದು ಸಾಧ್ಯವಿದೆ. ಸಾಧ್ಯವಿದ್ದೂ ಹೇಳದಿರುವುದು ತಪ್ಪು.

ಮೂರನೆಯದು, "ಹೊಸದು ಕೊಂಡರಾಯಿತು, ಎಷ್ಟು ಮಹಾ?" ಎಂಬುದು. ನಮ್ಮ ಹೊರದೇಶದ ಕನ್ನಡಿಗರ ಬಾಯಲ್ಲೇ ಇದನ್ನು ಹೆಚ್ಚು ಕೇಳಿದ್ದೇನೆ. ಯೂರೋ ಎಣಿಸುವವನಿಗೆ ಅದು ಎರಡು ಊಟದ ಬೆಲೆ. ಹಳ್ಳಿಯಲ್ಲಿರುವವರಿಗೆ ದುಡ್ಡಿನ ಜೊತೆ ಪೇಟೆಗೆ ಒಂದು ದಿನದ ಓಡಾಟ, ಹೊಸ ಸಿಮ್ಮಿನ ಅರ್ಜಿ, ಮತ್ತೆ ಮೊದಲಿನಿಂದ ಕಲಿಕೆ. ಇಷ್ಟೆಲ್ಲ ಆದಮೇಲೂ ಮುಂದಿನ ಅಪ್‌ಗ್ರೇಡಿನಲ್ಲಿ ಅದು ಉಳಿಯುತ್ತದೆ ಎಂಬ ಭರವಸೆ ಯಾರೂ ಕೊಡುವುದಿಲ್ಲ.

ಜೋರು ಮಾಡಿದರೆ ಕಂಪನಿಗಳು ಬಗ್ಗುತ್ತವೆ ಎಂಬುದಕ್ಕೆ ನಾನಿರುವ ಊರೇ ಸಾಕ್ಷಿ. ವಿಂಡೋಸ್ 10ರ ಅನುಸ್ಥಾಪನೆಯ ಕಡತಗಳು ಕೇಳದೆಯೇ ಜನರ ಕಂಪ್ಯೂಟರಿಗೆ ಇಳಿಯುತ್ತಿವೆ ಎಂದು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಗ್ರಾಹಕ ಸಂಸ್ಥೆ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತ್ತು. ಇನ್ನು ಮುಂದೆ ಒಪ್ಪಿಗೆಯಿಲ್ಲದೆ ಹಾಗೆ ಇಳಿಸುವುದಿಲ್ಲ ಎಂದು 2017ರಲ್ಲಿ ಕಂಪನಿ ಬರೆದುಕೊಟ್ಟಿತು. ಅದಕ್ಕೆ ಮುಂಚೆ, 2016ರಲ್ಲಿ, ಅದೇ ಅಪ್‌ಗ್ರೇಡಿನಿಂದ ಕೆಲಸ ಕೆಟ್ಟಿತು ಎಂದು ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ಮೊಕದ್ದಮೆ ಹೂಡಿ 10,000 ಡಾಲರ್ ಪಡೆದರು. ಕಂಪನಿ ತಪ್ಪು ಒಪ್ಪಲಿಲ್ಲ, ಮೇಲ್ಮನವಿಯನ್ನು ಮಾತ್ರ ಕೈಬಿಟ್ಟಿತು. 2022ರ ಜನವರಿ 1ರಿಂದ ಜರ್ಮನ್ ಕಾನೂನಿನಲ್ಲಿ, ತಂತ್ರಾಂಶವಿರುವ ವಸ್ತು ಮಾರಿದವನು ಗ್ರಾಹಕ ನ್ಯಾಯವಾಗಿ ನಿರೀಕ್ಷಿಸುವಷ್ಟು ಕಾಲ ಅದರ ಅಪ್‌ಡೇಟ್ ಒದಗಿಸಬೇಕು. ಭಾರತದಲ್ಲೂ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಒಬ್ಬ ಮಾರಿದ್ದನ್ನು ಇನ್ನೊಬ್ಬನ ಅಪ್‌ಗ್ರೇಡು ಕೆಡಿಸಿದಾಗ ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಾರೆ. ನಡುವೆ ನಿಂತವರು ಅಪ್ಪಯ್ಯ.

ನಾನು ಕೇಳುವುದು ಮೂರೇ. ಒಂದು, ಅಪ್‌ಗ್ರೇಡಿಗೆ ಮುಂಚೆ ಡಿಸ್ಕಿನಲ್ಲಿ ಜಾಗವಿದೆಯೇ ಎಂದು ಹುಡುಕುವ ತಂತ್ರಾಂಶ, ಈ ಕಂಪ್ಯೂಟರು ಇಂಟರ್‌ನೆಟ್ಟಿಗೆ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದೂ ನೋಡಲಿ. ಆ ದಾರಿಯ ಡ್ರೈವರ್ ಮೊದಲೇ ಕೈಯಲ್ಲಿರದಿದ್ದರೆ ಕೆಲಸ ಶುರು ಮಾಡದಿರಲಿ. ಎರಡು, ಹಿಂದಿನ ಸ್ಥಿತಿಗೆ ಮರಳುವ ದಾರಿ ಇಂಟರ್‌ನೆಟ್ಟಿಲ್ಲದೆಯೂ ತೆರೆಯಲಿ, ಹಳ್ಳಿಯವರು ಪೇಟೆಗೆ ಹೋಗಿ ಬರುವಷ್ಟು ಕಾಲವಾದರೂ ಉಳಿಯಲಿ. ಮೂರು, ಸಾಧನವನ್ನು ಕೈಬಿಡುವ ಕಂಪನಿ ಅದರ ಜೊತೆ ಮಾತಾಡುವ ವಿವರವನ್ನು ಬಹಿರಂಗ ಮಾಡಿ ಕೈಬಿಡಲಿ, ಬೇರೆಯವರಾದರೂ ಸಾಕಿಕೊಳ್ಳುತ್ತಾರೆ.

ಇದನ್ನು ಯಾರಿಗೆ ಹೇಳುತ್ತಿದ್ದೇನೆ? ಅಮೆರಿಕದಲ್ಲೋ ರೆಡ್‌ಮಂಡ್‌ನಲ್ಲೋ ಇರುವ ಯಾವನೋ ಪರಕೀಯನಿಗಲ್ಲ. ಈ ಪುಸ್ತಕ ಓದುತ್ತಿರುವ ನಿಮ್ಮಲ್ಲಿ ಅನೇಕರು ಅದೇ ಮೇಜಿನ ಸುತ್ತ ಕೂರುವವರು. ಕ್ಯಾಲಿಫೋರ್ನಿಯಾ, ಲಂಡನ್, ಸಿಂಗಪುರ, ಸ್ಟುಟ್‌ಗಾರ್ಟ್, ಎಲ್ಲೆಡೆ ತಂತ್ರಾಂಶ ಬರೆಯುವವರಲ್ಲಿ ನಮ್ಮವರಿದ್ದಾರೆ. ನಾನೂ ಒಬ್ಬ. ಅಪ್ಪಯ್ಯನ ಡಾಂಗಲ್ ಕೆಡುವುದಕ್ಕೆ ಒಂದು ವರ್ಷ ಮುಂಚೆ, ನನ್ನದೇ ಕಚೇರಿಯಲ್ಲಿ ಕಾರಿನ ಪರದೆಯ ತಂತ್ರಾಂಶಕ್ಕೆ ಹೊಸ ಆವೃತ್ತಿ ಸಿದ್ಧವಾಗುತ್ತಿತ್ತು. ಹಳೇ ಫೋನುಗಳ ಒಂದು ಪಟ್ಟಿ ಗೋಡೆಯ ಮೇಲೆ ಮೂಡಿತು. ಬಳಸುವವರು ಬಹಳ ಕಡಿಮೆ, ಕೈಬಿಡಬಹುದೇ ಎಂದು ಕೇಳಿದರು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಆ ಫೋನಿನವರಿಗೆ ಹೇಳುತ್ತೇವೆಯೇ ಎಂದು ಯಾರೂ ಕೇಳಲಿಲ್ಲ. ಆ ಬಹಳ ಕಡಿಮೆ ಜನರಲ್ಲಿ ಯಾರ ಅಪ್ಪನಿದ್ದನೋ, ಕಾರಿನಲ್ಲಿ ಕೂತು ತಾನೇ ಏನೋ ಒತ್ತಿ ಕೆಡಿಸಿದೆ ಅಂದುಕೊಂಡನೋ, ನನಗೆ ಗೊತ್ತಾಗುವುದಿಲ್ಲ.

ಮುಂದಿನ ಸಲ ಅಂಥ ಪಟ್ಟಿ ನಿಮ್ಮ ಮುಂದೆ ಬಂದಾಗ ಕೈ ಎತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: ಇವರಿಗೆ ಯಾವಾಗ, ಯಾವ ಭಾಷೆಯಲ್ಲಿ ಹೇಳುತ್ತೇವೆ? ಕೇಳಿದವರ ಕೆಲಸವೇನೂ ಹೋಗುವುದಿಲ್ಲ. ನಾನು ಈಗ ಕೇಳುತ್ತೇನೆ. ಸಭೆ ಐದು ನಿಮಿಷ ಉದ್ದವಾಗುತ್ತದೆ, ಕೆಲವರು ಗಡಿಯಾರ ನೋಡುತ್ತಾರೆ. ಎರಡು ಸಲ ಆ ಎಚ್ಚರಿಕೆಯ ಸಾಲು ಪರದೆಯ ಮೇಲೆ ಬಂದಿದೆ.

ಅಪ್ಪಯ್ಯನಿಗೂ ಒಂದು ಮಾತು ಹೇಳಬೇಕಿತ್ತು. ಹೋದ ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಹೇಳಿದೆ: "ಅವತ್ತು ಹಾಳು ಮಾಡಿದ್ದು ನೀವಲ್ಲ ಅಪ್ಪಯ್ಯ, ನಾವು." ಅವರು ಅಡಿಕೆ ಸುಲಿಯುತ್ತಾ, "ಹೌದಾ" ಅಂದರು. ನಂಬಿದ ಹಾಗೆ ಕಾಣಲಿಲ್ಲ.