ಮೊಲದ ಹಲ್ಲಿನ ಆಪರೇಷನ್: ಅರ್ಧ ಕೆಲಸ ಡಾಕ್ಟರದ್ದು, ಅರ್ಧ ನಮ್ಮದು

(1/6)
ಕ್ಲಾಸಿನವರೆಲ್ಲ ಕೇಳ್ತಾ ಇದ್ರಿ, "ನಾಲ್ಕು ದಿನ ಎಲ್ಲಿಗೆ ಹೋಗಿದ್ದೆ, ಜ್ವರನಾ?" ಅಂತ. ಜ್ವರ ಅಲ್ಲ. ನಮ್ಮನೆ ಹತ್ತಿಗೆ ಹಲ್ಲಿನ ಆಪರೇಷನ್ ಆಯ್ತು. ಫೋಟೋದಲ್ಲಿ ಟವೆಲ್ ಸುತ್ಕೊಂಡು ಸಿಟ್ಟಲ್ಲಿ ನೋಡ್ತಾ ಇದೆಯಲ್ಲ, ಅದೇ ಹತ್ತಿ. 🐇

"ಮೊಲಕ್ಕೆ ಹಲ್ಲಿನ ಆಪರೇಷನ್ನಾ ಮಾರಾಯ್ತಿ?" ಅಂತ ನಗೋರು ಒಮ್ಮೆ ನಕ್ಕುಬಿಡಿ, ಆಮೇಲೆ ಓದಿ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆಯ ನಿಮ್ಮಲ್ಲಿ ಎಷ್ಟು ಜನರ ಮನೇಲಿ ಮೊಲ ಇದೆ ಅಂತ ನಿಮ್ಮ ಸ್ಟೋರಿ ನೋಡಿಯೇ ನಂಗೆ ಗೊತ್ತು. ಈ ಸರಣಿ ಅವರಿಗಾಗಿ. ಮೊಲ ಬೇಕು ಅಂತ ಮನೇಲಿ ಹಠ ಹಿಡಿದಿರೋರಿಗೆ ಇನ್ನೂ ಹೆಚ್ಚು.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಮೊಲದ ಆಪರೇಷನ್ ಅಂದ್ರೆ ಟೇಬಲ್ ಮೇಲೆ ಡಾಕ್ಟರ್ ಮಾಡೋ ಕೆಲಸ ಮಾತ್ರ ಅಲ್ಲ. ಅದಾದ ಮೇಲಿನ ರಾತ್ರಿ ಮನೇಲಿ ಎದ್ದು ಕೂರೋಕೆ ಯಾರಾದ್ರೂ ಇದ್ದಾರಾ ಅನ್ನೋದರ ಮೇಲೆ ಅರ್ಧ ನಿಂತಿದೆ. ಅಷ್ಟಕ್ಕೆ ತಯಾರಿಲ್ಲ ಅಂದ್ರೆ ಮೊಲ ತರಬೇಡಿ. ತಂದಾಗಿದೆ ಅಂದ್ರೆ "ಮುನ್ನೂರು ರೂಪಾಯಿ ಮೊಲ ತಾನೇ" ಅನ್ನೋ ಮಾತು ಬಾಯಿಗೆ ತರಬೇಡಿ.

(2/6)
ಮೊದಲು ಹಲ್ಲಿನ ವಿಷಯ. ಮೊಲಕ್ಕೆ ಒಟ್ಟು 28 ಹಲ್ಲು. ನಮಗೆ ಕಾಣೋದು ಮುಂದಿನ ಬಾಚಿಹಲ್ಲು ಅಷ್ಟೇ. ಮೇಲಿನ ಆ ಎರಡರ ಹಿಂದೆ ಇನ್ನೆರಡು ಪುಟ್ಟ ಹಲ್ಲು ಅಡಗಿರುತ್ತವೆ. ಇಲಿ, ಅಳಿಲುಗಳಿಗೆ ಅವು ಇಲ್ಲ. ಉಳಿದ ದವಡೆ ಹಲ್ಲುಗಳೆಲ್ಲ ಬಾಯಿಯ ಒಳಗೆ, ಆಳದಲ್ಲಿ.

ಈ 28 ಹಲ್ಲುಗಳೂ ಸಾಯೋವರೆಗೆ ಬೆಳೀತಾನೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತೆ. ಬೆಳೆದಷ್ಟೂ ಸವೀಬೇಕು. ಸವೆಸೋದು ಹುಲ್ಲು. ಹುಲ್ಲು ತಿನ್ನುವಾಗ ಮೊಲದ ದವಡೆ ಪಕ್ಕಕ್ಕೆ ಆಡುತ್ತೆ, ಬೀಸೋ ಕಲ್ಲಿನ ಹಾಗೆ. ಕ್ಯಾರೆಟ್, ಬಿಸ್ಕತ್ತು, ಅನ್ನ ತಿನ್ನುವಾಗ ಅಷ್ಟು ಹೊತ್ತು, ಅಷ್ಟು ಅಗಲ ಆಡೋದಿಲ್ಲ. ಆಗ ಹಲ್ಲಿನ ಅಂಚು ಮುಳ್ಳಿನ ಹಾಗೆ ಚೂಪಾಗುತ್ತೆ. ಕೆಳಗಿನ ದವಡೆಯದ್ದು ನಾಲಿಗೆಗೆ ಚುಚ್ಚುತ್ತೆ, ಮೇಲಿನದ್ದು ಕೆನ್ನೆಗೆ. ಬಾಯೊಳಗೆ ಹುಣ್ಣು. ಹಸಿವಾಗುತ್ತೆ, ತಟ್ಟೆ ಹತ್ರ ಬರುತ್ತೆ, ತಿನ್ನೋಕೆ ಆಗಲ್ಲ.

ಕೆಲವು ಮೊಲಗಳಿಗೆ ದವಡೆಯ ಆಕಾರವೇ ಹುಟ್ಟಿನಿಂದ ಸರಿ ಇರಲ್ಲ. ಅದರಲ್ಲಿ ಸಾಕಿದವರ ತಪ್ಪಿಲ್ಲ. ನನ್ನ ಹತ್ತಿಯ ವಿಷಯದಲ್ಲಿ ಮಾತ್ರ ತಪ್ಪು ನನ್ನದೇ.

(3/6)
ತಪ್ಪು ಎಂತ ಅಂದ್ರೆ, ದಿನಾ ಸಂಜೆ ಚಹಾದ ಜೊತೆ ಅದಕ್ಕೂ ಒಂದು ಗ್ಲೂಕೋಸ್ ಬಿಸ್ಕತ್ತು. ಆ ರೀಲ್‌ಗೆ ನೀವೇ ಎಲ್ಲಾ ಹಾರ್ಟ್ ಒತ್ತಿದ್ರಿ, ನೆನಪಿದೆಯಾ? ಆಷಾಢದ ಮಳೆ ಶುರುವಾದ ಮೇಲೆ ಹುಲ್ಲು ಒದ್ದೆ, ಕೊಯ್ಯೋಕೆ ಬೇಜಾರು. ಕೊಟ್ಟಿಗೆಯ ಒಣಹುಲ್ಲಿಗೆ ಬೂಷ್ಟು ಹಿಡಿದಿತ್ತು. "ಇವತ್ತು ಅಂಗಡಿ ಪೆಲೆಟ್ ತಿನ್ನಲಿ" ಅಂತ ಬಿಟ್ಟೆ. ಇವತ್ತು ಅಂದಿದ್ದು ಎರಡು ತಿಂಗಳಾಯ್ತು.

ಗದ್ದ ಒದ್ದೆ ಇತ್ತು, ನೀರು ಕುಡಿದಿದೆ ಅಂದ್ಕೊಂಡೆ. ಅದು ಜೊಲ್ಲು. ಒಂದು ಕಣ್ಣಲ್ಲಿ ನೀರು, ಥಂಡಿ ಅಂದ್ಕೊಂಡೆ. ಹಲ್ಲಿನ ಬೇರು ಕಣ್ಣೀರಿನ ನಾಳವನ್ನು ಒತ್ತಿದ್ರೂ ಹಾಗಾಗುತ್ತಂತೆ. ಹಿಕ್ಕೆ ಸಣ್ಣದಾಯ್ತು, ಕಮ್ಮಿ ಆಯ್ತು. ಹುಲ್ಲಿನ ಎಸಳು ಬಾಯಿಗೆ ತಗೊಂಡು ಕೆಳಗೆ ಹಾಕ್ತಿತ್ತು, ಆಟ ಅಂದ್ಕೊಂಡೆ. ಎತ್ತಿದಾಗ ಕೈಗೆ ಬೆನ್ನುಮೂಳೆ ಸಿಕ್ಕಿತು. ಆಮೇಲೆ ಗಾಬರಿ.

ಮೊಲ ನೋವನ್ನ ಮುಚ್ಚಿಡೋ ಪ್ರಾಣಿ. ಕಾಡಲ್ಲಿ ನರಳೋ ಮೊಲ ಬೇಗ ಬೇಟೆಯಾಗುತ್ತೆ, ಅದಕ್ಕೆ. ಹಾಗಾಗಿ ಅದರ ಮುಖ ನೋಡಿ ಏನೂ ಗೊತ್ತಾಗಲ್ಲ. ಹಿಕ್ಕೆ ನೋಡಿ, ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ.

(4/6)
"ಹಲ್ಲು ಉದ್ದ ಆದ್ರೆ ನೇಲ್ ಕಟ್ಟರ್‌ನಲ್ಲಿ ಕತ್ತರಿಸು" ಅಂತ ಇಬ್ಬರು ಮೆಸೇಜ್ ಮಾಡಿದ್ರಿ. ದಯವಿಟ್ಟು ಬೇಡ. ಹಲ್ಲು ಉದ್ದಕ್ಕೆ ಸೀಳಿ ಬೇರಿನವರೆಗೂ ಬಿರುಕು ಬಿಡಬಹುದು. ದವಡೆ ಹಲ್ಲಂತೂ ನಿಮ್ಮ ಕಣ್ಣಿಗೇ ಕಾಣಲ್ಲ, ಮೊಲದ ಬಾಯಿ ಅಷ್ಟು ಅಗಲ ತೆರೆಯೋದೇ ಇಲ್ಲ. ಅರಿವಳಿಕೆ ಕೊಟ್ಟು, ಬಾಯಿ ತೆರೆದಿಟ್ಟು, ಸಣ್ಣ ಯಂತ್ರದಲ್ಲಿ ಉಜ್ಜಿ ಸರಿ ಮಾಡಬೇಕು.

ಅರಿವಳಿಕೆ ಅಂದ ಕೂಡಲೇ ಅಮ್ಮ ಅತ್ತರು. ಅವರ ಭಯ ಸುಳ್ಳಲ್ಲ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮೊಲಗಳ ಲೆಕ್ಕ ಇದೆ. ಅರಿವಳಿಕೆ ಅಥವಾ ಮಂಪರಿನ ಮದ್ದು ಪಡೆದ ನಾಯಿಗಳಲ್ಲಿ ಸತ್ತದ್ದು ಶೇ. 0.17, ಬೆಕ್ಕುಗಳಲ್ಲಿ ಶೇ. 0.24, ಮೊಲಗಳಲ್ಲಿ ಶೇ. 1.39. ಅಂದ್ರೆ ಸುಮಾರು 72 ಮೊಲಕ್ಕೆ ಒಂದು. ಆರೋಗ್ಯವಾಗಿದ್ದ ಮೊಲಗಳಲ್ಲಿ ಇದು ಅರ್ಧದಷ್ಟು. ಕಾಯಿಲೆ ಬಿದ್ದು ಸೊರಗಿದ ಮೇಲೆ ಕರ್ಕೊಂಡು ಹೋದಷ್ಟೂ ಅಪಾಯ ಜಾಸ್ತಿ. ಬೇಗ ಹೋಗಿ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇನ್ನೊಂದು ವಿಷಯ. ಫೋನಲ್ಲಿ ಒಬ್ಬರು "ರಾತ್ರಿಯಿಂದ ಏನೂ ತಿನ್ನಿಸಬೇಡಿ" ಅಂದಿದ್ರು. ಅದು ನಾಯಿ, ಬೆಕ್ಕಿನ ನಿಯಮ. ವಾಂತಿ ಬಂದು ಉಸಿರಿಗೆ ಸಿಕ್ಕಬಾರದು ಅಂತ. ಮೊಲಕ್ಕೆ ವಾಂತಿ ಮಾಡೋಕೇ ಆಗಲ್ಲ. ಅದರ ಕರುಳು ಸದಾ ಓಡ್ತಾ ಇರಬೇಕು, ಉಪವಾಸ ಹಾಕಿದ್ರೆ ನಿಂತೇ ಹೋಗಬಹುದು. ಪುಣ್ಯಕ್ಕೆ ಆಪರೇಷನ್ ಮಾಡಿದ ಡಾಕ್ಟರ್ ಹಿಂದಿನ ದಿನವೇ ಸರಿಯಾಗಿ ಹೇಳಿದ್ರು: ಹೊರಡೋವರೆಗೂ ತಿನ್ನಲಿ, ಬರುವಾಗ ಅದರ ಇಷ್ಟದ ಸೊಪ್ಪೂ ತನ್ನಿ. ನೀವೂ ಕೇಳಿ: ಮೊಲಕ್ಕೆ ಮೊದಲು ಅರಿವಳಿಕೆ ಕೊಟ್ಟಿದ್ದೀರಾ? ಉಪವಾಸ ಬೇಕಾ? ಮೈ ಬೆಚ್ಚಗಿಡೋದು ಹೇಗೆ? ನೋವಿನ ಮದ್ದು ಎಷ್ಟು ದಿನ? ಕೇಳಿದ್ರೆ ಒಳ್ಳೆ ಡಾಕ್ಟರ್ ಬೇಜಾರು ಮಾಡ್ಕೊಳ್ಳಲ್ಲ.

(5/6)
ಈಗ ಆ ರಾತ್ರಿ. ಅದೇ ಅಧ್ಯಯನದ ಪ್ರಕಾರ, ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತದ್ದು ಟೇಬಲ್ ಮೇಲಲ್ಲ, ಎಚ್ಚರ ಆಗೋ ಹೊತ್ತಿಗೆ ಮತ್ತು ಆಮೇಲೆ. ಅದಕ್ಕೇ ಅರ್ಧ ನಮ್ಮದು ಅಂದದ್ದು.

ಶಿವಮೊಗ್ಗದಿಂದ ಉಂಬಳೇಬೈಲು ಕಾಡಿನ ದಾರೀಲಿ ವಾಪಸ್ ಬರುವಾಗ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಅದರ ಪಕ್ಕ ಇಟ್ಟಿದ್ವಿ. ಮನೇಲಿ ಕತ್ತಲೆ ಕೋಣೆ, ಟಿವಿ ಬಂದ್, ನಾಯಿ ಹೊರಗೆ. ಡಾಕ್ಟರ್ ಹೇಳಿದ ಹಾಗೆ ಪೆಲೆಟ್ ನೆನೆಸಿ ಅರೆದು, ಸೂಜಿ ಇಲ್ಲದ ಸಿರಿಂಜಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಿದ್ವಿ. ಒಮ್ಮೆಲೇ ಒತ್ತಿದ್ರೆ ಶ್ವಾಸಕ್ಕೆ ಹೋಗುತ್ತೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ರೆ ತಿನ್ನಿಸೋಕೆ ಹೋಗ್ಬೇಡಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ನೋವಿನ ಮದ್ದು ಅವರು ಬರೆದದ್ದು, ಬರೆದಷ್ಟೇ. ಮನೇಲಿರೋ ಮನುಷ್ಯರ ಮಾತ್ರೆ ಬೇಡವೇ ಬೇಡ. ಅಮಾಕ್ಸಿಸಿಲಿನ್ ತರಹದ ಆ್ಯಂಟಿಬಯಾಟಿಕ್ ಬಾಯಿಗೆ ಹಾಕಿದ್ರೆ ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಅದೂ ಸಾಯಬಹುದು.

ಕಾಯ್ತಾ ಕೂತದ್ದು ಒಂದಕ್ಕೇ: ಹಿಕ್ಕೆ. ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ರೆ ಅದು ತುರ್ತು, ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಅಪ್ಪ, ಅಮ್ಮ, ನಾನು ಸರದಿ ಹಾಕ್ಕೊಂಡ್ವಿ. ಬೆಳಗಿನ ಜಾವ ಮೂರೂವರೆಗೆ ಟಾರ್ಚ್ ಬಿಟ್ಟು ನೋಡಿದ್ರೆ ಟವೆಲ್ ಮೇಲೆ ನಾಲ್ಕು ಹಿಕ್ಕೆ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದಾಗಲೂ ನಮ್ಮಪ್ಪ ಅಷ್ಟು ಖುಷಿಯಾಗಿರಲಿಲ್ಲ. 😭

(6/6)
ಇನ್ನು ದುಡ್ಡಿನ ಮಾತು. ಓಡಾಟ ಸೇರಿ ಖರ್ಚಾಗಿದ್ದು ಮೊಲ ತಂದ ಬೆಲೆಯ ಎಷ್ಟೋ ಪಟ್ಟು. "ಅದರ ಬದಲು ಹತ್ತು ಮೊಲ ತರಬಹುದಿತ್ತು" ಅಂತ ಸಂಬಂಧಿಕರೊಬ್ಬರು ಅಂದ್ರು. ಬರ್ತಿತ್ತು, ಹೌದು. ಆದ್ರೆ ನೋವು ಪಡ್ತಾ ಇದ್ದದ್ದು ಆ ಹತ್ತಲ್ಲ, ಈ ಒಂದು. ಬಿಸ್ಕತ್ತು ಕೊಟ್ಟದ್ದೂ ನಾನೇ.

ಎಲ್ಲರ ಮನೇಲೂ ಅಷ್ಟು ದುಡ್ಡು ಇರಲ್ಲ, ಅದು ನಾಚಿಕೆ ಪಡೋ ವಿಷಯ ಅಲ್ಲ. ಗುಣ ಆಗದ ಸ್ಥಿತಿ ಅಂದ್ರೆ ನೋವಿಲ್ಲದೆ ಕಳಿಸಿಕೊಡೋದು ಕೂಡ ಕರುಣೆಯೇ, ಡಾಕ್ಟರ್ ಹತ್ರ ಕೂತು ಮಾತಾಡಿ. ಮೂಲೆಯಲ್ಲಿ ಹಸಿದು ಸಾಯೋಕೆ ಬಿಡೋದು ಮಾತ್ರ ಕರುಣೆ ಅಲ್ಲ.

ನಮ್ಮ ಮೂರು ತಾಲ್ಲೂಕಿನ ಪಶು ಆಸ್ಪತ್ರೆಗಳ ಮುಖ್ಯ ಕೆಲಸ ದನ, ಎಮ್ಮೆ. ಅದು ಸರಿಯೇ, ಇಲ್ಲಿನ ಬದುಕು ಅದರ ಮೇಲಿದೆ. ಮೊದಲು ಅಲ್ಲೇ ತೋರಿಸಿ, ಎಲ್ಲಿಗೆ ಹೋಗಬೇಕು ಅಂತ ಅವರೇ ಹೇಳ್ತಾರೆ. ನಮಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲಿದೆ. ಎಲ್ಲಿಗೇ ಆಗಲಿ, ಫೋನ್ ಮಾಡಿ ವಿಚಾರಿಸಿಯೇ ಹೊರಡಿ. ಮೊಲ ತರೋ ಮುಂಚೆಯೇ ಆ ನಂಬರ್ ಮೊಬೈಲಲ್ಲಿ ಇರಲಿ.

ಹತ್ತಿಯ ಕತೆ ಮುಗಿದಿಲ್ಲ. ಹಲ್ಲು ಮತ್ತೆ ಬೆಳೆಯುತ್ತೆ, ಕೆಲವು ವಾರಕ್ಕೊಮ್ಮೆ ತೋರಿಸಬೇಕು, ಇನ್ನೊಮ್ಮೆ ಅರಿವಳಿಕೆಯೂ ಬೇಕಾಗಬಹುದು. ಅದಕ್ಕೇ ಈ ಸಲ ಬಿಸಿಲು ಬಿದ್ದ ಕೂಡಲೇ ಗರಿಕೆ, ಹುಲ್ಲು ಕೊಯ್ದು, ಅಡಿಕೆ ಒಣಗಿಸೋ ಅಂಗಳದ ಒಂದು ಮೂಲೆ ಅಜ್ಜಿ ಹತ್ರ ಕೇಳಿ ಇಸ್ಕೊಂಡು ಒಣಗಿಸ್ತಿದ್ದೀನಿ. ಮಳೆಗಾಲಕ್ಕೆ ಅಟ್ಟದ ಮೇಲೆ, ಹೊಗೆ ತಾಗದ, ಬೂಷ್ಟು ಹಿಡಿಯದ ಜಾಗದಲ್ಲಿ.

ಮೊಲ ಇರೋರು ಇವತ್ತೇ ಅದರ ಗದ್ದ ಮುಟ್ಟಿ ನೋಡಿ. ಒದ್ದೆ ಇದ್ರೆ ನಾಳೆ ಕ್ಲಾಸಿಗೆ ಚಕ್ಕರ್ ಹಾಕಿ, ನೋಟ್ಸ್ ನಾನು ಕೊಡ್ತೀನಿ.

#ಮೊಲ #ಹತ್ತಿಯಕತೆ #ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಮಲೆನಾಡು