ಮೇಲಿನಿಂದ ಕಂಡರೆ ಚುಕ್ಕೆ

"ಕೊಲೆ-ದರೋಡೆಯ ಸಿನಿಮಾಕ್ಕೆ ಊರು ಯಾವುದಾದರೇನು? ಕತೆ ಬಿಗಿಯಾಗಿದ್ದರೆ ಸಾಕು" ಎನ್ನುವವರಿದ್ದಾರೆ. ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಊರೆಂದರೆ ಬರಿಯ ಪರದೆ ಎಂದುಕೊಂಡವರು ಪಾತಕಿಯನ್ನು ಸುಲಭವಾಗಿ ನಾಯಕನನ್ನಾಗಿ ಮಾಡಿಬಿಡುತ್ತಾರೆ. ಸತ್ತವರ ಲೆಕ್ಕ ಇಡುವವರಿರುವುದಿಲ್ಲ.

ಕ್ಯಾರಲ್ ರೀಡ್ ನಿರ್ದೇಶಿಸಿದ, 1949ರ 'ದಿ ಥರ್ಡ್ ಮ್ಯಾನ್' ಚಿತ್ರವನ್ನೇ ತೆಗೆದುಕೊಳ್ಳಿ. ಕತೆ ನಡೆಯುವುದು ಯುದ್ಧ ಮುಗಿದ ವಿಯೆನ್ನಾದಲ್ಲಿ. ನಾಲ್ಕು ದೇಶಗಳ ಸೈನ್ಯ ಹಂಚಿಕೊಂಡು ಆಳುತ್ತಿದ್ದ ಊರದು. ರೀಡ್ 1948ರಲ್ಲಿ ಕ್ಯಾಮೆರಾದೊಂದಿಗೆ ಅಲ್ಲಿಗೇ ಹೋದರು. ಅರ್ಧ ಬಿದ್ದ ಮನೆಗಳನ್ನೂ ಇಟ್ಟಿಗೆಯ ರಾಶಿಗಳನ್ನೂ ಅವರು ಕಟ್ಟಿಸಬೇಕಾಗಲಿಲ್ಲ. ಆ ಹಾಳುಬಿದ್ದ ಬೀದಿಗಳನ್ನು ನೋಡಿದವರಿಗೆ ಅಲ್ಲಿ ಔಷಧಿಗೆ ಎಷ್ಟು ಬರವೆಂದು ಯಾರೂ ಹೇಳಿಕೊಡಬೇಕಿಲ್ಲ. ಅಂಥ ಊರಿನಲ್ಲಿ ಹ್ಯಾರಿ ಲೈಮ್ ಕದ್ದ ಪೆನಿಸಿಲಿನ್‌ಗೆ ಕಲಬೆರಕೆ ಮಾಡಿ ಮಾರುತ್ತಾನೆ.

ಅಲ್ಲಿನ ಪ್ರಾಟರ್ ಉದ್ಯಾನದಲ್ಲಿ 1897ರಲ್ಲಿ ಕಟ್ಟಿದ ದೊಡ್ಡ ರಾಟೆಯೊಂದಿದೆ. ಯುದ್ಧದಲ್ಲಿ ಸುಟ್ಟು, 1947ರಲ್ಲಿ ಮತ್ತೆ ತಿರುಗತೊಡಗಿದ ರಾಟೆ. ಅದರ ಎತ್ತರದಿಂದ ಹ್ಯಾರಿ ಕೆಳಗಿನ ಜನರನ್ನು ಗೆಳೆಯನಿಗೆ ತೋರಿಸಿ, ಆ ಚುಕ್ಕೆಗಳಲ್ಲೊಂದು ನಿಂತುಹೋದರೆ ನಿನಗೇನು ಎಂಬಂತೆ ಕೇಳುತ್ತಾನೆ. ಆಮೇಲೆ ಅದೇ ಗೆಳೆಯನನ್ನು ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಮಕ್ಕಳ ಮುಖ ನಮಗೆ ಕಾಣುವುದೇ ಇಲ್ಲ. ನೋಡುವವನ ಮುಖವಷ್ಟೇ ಕಾಣುತ್ತದೆ. ವರ್ಷಗಟ್ಟಲೆ ತರಗತಿಯಲ್ಲಿ ಹಾಜರಿ ಕೂಗಿದ ನನ್ನಂಥವಳಿಗೆ ಯಾವ ಮಗುವೂ ಚುಕ್ಕೆಯಲ್ಲ. ಅದಕ್ಕೊಂದು ಹೆಸರಿದೆ, ಮನೆಯಿದೆ, ಕಾಯುವ ತಾಯಿಯಿದ್ದಾಳೆ.

"ಒಳಚರಂಡಿಯ ಕೆಲವು ದೃಶ್ಯಗಳನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲೇ ತೆಗೆದರಲ್ಲ?" ಎಂದು ತಿಳಿದವರು ವಾದಿಸುತ್ತಾರೆ. ತೆಗೆದರು, ನಿಜ. ರಾತ್ರಿಯ ಬೀದಿಗಳಿಗೆ ನೀರು ಹಾಯಿಸಿ ಹೊಳಪನ್ನೂ ತಂದರು. ಆದರೆ ಆ ಸೆಟ್ಟು ಅನುಕರಿಸಿದ್ದು ವಿಯೆನ್ನಾದ ಚರಂಡಿಯನ್ನೇ. ನೀರು ಬಿದ್ದದ್ದು ವಿಯೆನ್ನಾದ ಕಲ್ಲುಹಾಸಿನ ಮೇಲೆಯೇ. ಊರು ಮೊದಲು, ಉಪಾಯ ಆಮೇಲೆ. ರಾಟೆಯ ಮೇಲೆ ದೇವರಂತೆ ಮಾತಾಡಿದವನು ಕೊನೆಗೆ ಅದೇ ಊರಿನ ನೆಲದಡಿಯಿಂದ, ಕಬ್ಬಿಣದ ಜಾಲರಿಯ ಸಂದಿಯಲ್ಲಿ ಬೆರಳು ಚಾಚುತ್ತಾನೆ.

ಆರ್ಸನ್ ವೆಲ್ಸ್‌ನ ಆ ತುಂಟ ನಗೆಗೆ ಮರುಳಾದವರು ಲೆಕ್ಕವಿಲ್ಲದಷ್ಟು ಜನ. ನನಗೂ ಆ ನಗೆ ಇಷ್ಟವೇ. ಆದರೆ ಅದರ ಬೆಲೆ ತೆತ್ತವರು ಯಾರೆಂಬುದನ್ನು ಮುರಿದ ಊರು ಮರೆಯಗೊಡುವುದಿಲ್ಲ. ಇಂದಿನ ಎಷ್ಟೋ ಚಿತ್ರಗಳಲ್ಲಿ ರೌಡಿ ಥಳಥಳಿಸುವ ಸೆಟ್ಟಿನಲ್ಲಿ ನಡೆದು ಬರುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ. ತಟ್ಟುವ ಮೊದಲು ಒಮ್ಮೆ ಕೇಳಿಕೊಳ್ಳಿ: ಅವನು ಕೊಂದವರು ಯಾವ ಬೀದಿಯಲ್ಲಿ ವಾಸವಾಗಿದ್ದರು?