ಅವ್ವನ ನಂಬರ್ ಯಾರ ಜೇಬಲ್ಲಿದೆ?

ಮೊಬೈಲ್ ಬಂದು ಹುಡುಗರು ಹಾಳಾದರು ಎಂದು ನಾವೂ ಬರೆದವರೇ. ಕಟ್ಟೆ ಮೇಲೆ ನಾಲ್ವರು ಕೂತು ನಾಲ್ಕು ಪರದೆ ನೋಡುವುದು ಸುಳ್ಳೇನಲ್ಲ. ಆದರೆ ಚೋರನೂರಿನಲ್ಲಿ ಅರ್ಜಿ ತುಂಬುವ ಅಂಗಡಿಯೊಂದರ ಮುಂದೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಾಗ ನಮಗೆ ಕಂಡದ್ದು ಬೇರೆ.

ಗೃಹಲಕ್ಷ್ಮಿ ದುಡ್ಡು ಯಾಕೆ ಬಂದಿಲ್ಲ ಎಂದು ಕೇಳಲು ಒಬ್ಬ ತಾಯಿ ಬಂದಿದ್ದರು. "ಓಟಿಪಿ ಬಂತೇನು ನೋಡವ್ವ" ಎಂದ ಅಂಗಡಿ ಹುಡುಗ. "ನಂಬರು ನನ್ನ ಮಗಂದಪ್ಪ, ಅವ್ನು ಬೆಂಗ್ಳೂರಾಗೆ ಅದಾನೆ." ಫೋನ್ ಮಾಡಿದರು. ಮಗ ಡ್ಯೂಟಿಯಲ್ಲಿದ್ದ, ಎತ್ತಲಿಲ್ಲ. ಎತ್ತುವ ಹೊತ್ತಿಗೆ ಓಟಿಪಿಯ ಗಡುವು ಮುಗಿದಿತ್ತು. ಹೀಗೆ ಮೂರು ಸಲ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಈ ಯೋಜನೆ ಮನೆಯೊಡತಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಹಾಕುವಂಥದ್ದು. ಹೆಸರು ಆಕೆಯದು, ಫೋಟೊ ಆಕೆಯದು, ಹೆಬ್ಬೆಟ್ಟೂ ಆಕೆಯದು. ನಂಬರ್ ಮಾತ್ರ ಮಗನದು. ಅದನ್ನು ಬದಲಿಸೋಣವೆಂದು ಆಧಾರ್ ಕೇಂದ್ರದಲ್ಲಿ ಸರದಿ ನಿಂತರೆ ಒಂದು ದಿನದ ಕೂಲಿ ಹೋಯಿತು. ಅಷ್ಟಕ್ಕೂ ಬದಲಿಸಿ ಕೊಡಲು ಸ್ವಂತ ನಂಬರ್ ಬೇಕಲ್ಲ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ ಸುಮಾರು 54. ಅದರಲ್ಲಿ ಸ್ಮಾರ್ಟ್‌ಫೋನ್ ಅಲ್ಲದವೂ ಸೇರಿವೆ.

ಉದ್ಯೋಗ ಖಾತ್ರಿಯಲ್ಲೂ ಇದೇ ಕಥೆ. 2023ರ ಜನವರಿ 1ರಿಂದ ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಆ್ಯಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯವಾಯಿತು. ಬಿಸಿಲಲ್ಲಿ ಬುಟ್ಟಿ ಹೊತ್ತವಳು ಬಂದಿದ್ದಳೋ ಇಲ್ಲವೋ ಎಂದು ಹೇಳುವುದು ಕಾಯಕ ಬಂಧುವಿನ ಫೋನು, ಅದಕ್ಕೆ ಸಿಕ್ಕ ನೆಟ್‌ವರ್ಕು.

ಸ್ವಸಹಾಯ ಸಂಘದ ವಾಟ್ಸ್ಆ್ಯಪ್ ಗ್ರೂಪೊಂದನ್ನು ತೆರೆಸಿ ನೋಡಿದೆವು. ಹೆಂಗಸರ ಸಂಘ, ಆದರೆ ಗ್ರೂಪಿನಲ್ಲಿರುವವರು ಹೆಚ್ಚಾಗಿ ಗಂಡಂದಿರು, ಮಕ್ಕಳು. "ನಾಳೆ ಹತ್ತಕ್ಕೆ ಮೀಟಿಂಗ್" ಎಂಬ ಮೆಸೇಜು ಗಣಿಯಲ್ಲಿ ಲಾರಿ ಓಡಿಸುವ ಮಗನಿಗೆ ಮುಟ್ಟುತ್ತದೆ. ನೆನಪಾದರೆ ಆತ ಮನೆಯಲ್ಲಿ ಹೇಳುತ್ತಾನೆ.

ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮನಿಗೆ ಫೋನ್ ಬರುತ್ತದೆ, ಡಿಗ್ರಿ ಓದುವ ಅಕ್ಕನಿಗೆ "ಗಂಡ ಕೊಡಿಸ್ತಾನೆ ಬಿಡು" ಎಂಬ ಮಾತು ಸಿಗುತ್ತದೆ. ಹುಡುಗರ ರೀಲ್ಸ್ ಚಟದ ಬಗ್ಗೆ ಆಗುವಷ್ಟು ಚರ್ಚೆ ಇದರ ಬಗ್ಗೆ ಯಾಕಿಲ್ಲ? ಅರ್ಜಿಯಲ್ಲಿ ನಂಬರ್ ಬರೆಸಿಕೊಳ್ಳುವಾಗ "ಇದು ಯಾರದು" ಎಂದು ಪಂಚಾಯ್ತಿಯವರು ಕೇಳಲಿ. ಮನೆಗೆ ಎರಡನೇ ಫೋನ್ ತರುವಾಗ ಅದು ಅವ್ವನಿಗೆ ಬರಲಿ.

ಹೇಳುವ ಮುಂಚೆ ನಮ್ಮ ಫೋನ್‌ಗಳನ್ನೂ ನೋಡಿಕೊಂಡೆವು. ಊರಿನ ಎಷ್ಟೋ ಹೆಂಗಸರನ್ನು ನಾವೂ ಇಂಥವರ ತಾಯಿ, ಇಂಥವರ ಹೆಂಡತಿ ಎಂದೇ ಸೇವ್ ಮಾಡಿಕೊಂಡಿದ್ದೆವು.

ಅಂಗಡಿಯಿಂದ ಹೊರಟ ಆ ತಾಯಿ ದೀಪಾವಳಿಗೆ ಮಗ ಬಂದ ಮೇಲೆ ಮತ್ತೆ ಬರುತ್ತಾರಂತೆ.